ಹಳ್ಳಕ್ಕೆ ಹೆದರಿ ತಂದ ಕಂಪ್ಯೂಟರ್

ಕರೆಂಟ್ ಹೋಗಬಹುದಿತ್ತು. ಹೋದದ್ದು ಒಮ್ಮೆಲೇ ಬಂದು ಯಂತ್ರ ಸುಟ್ಟುಹೋಗಬಹುದಿತ್ತು. ಹತ್ತಿಯ ಧೂಳು ಒಳಗೆ ಸೇರಬಹುದಿತ್ತು, ಇಲಿ ವೈರು ಕಡಿಯಬಹುದಿತ್ತು, ಪುಣೆಯ ಇಂಜಿನಿಯರ್ ಕಲಿಸಿಹೋದದ್ದರಲ್ಲಿ ಅರ್ಧ ನಾನು ಮರೆತಿರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಪ್ರದೂಷಣದ, ಅಂದರೆ ಮಾಲಿನ್ಯ ಮಂಡಳಿಯ, ಸಾಹೇಬರು ಬಂದ ಹೊತ್ತಿಗೇ ಹಳ್ಳ ಕೆಂಪಾಗಿ ಹರಿಯಬಹುದಿತ್ತು. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬರುವ ಬಸ್ಸಿನಲ್ಲಿ ದಿನವೂ ಇಷ್ಟನ್ನು ಒಂದು ಸುತ್ತು ಯೋಚಿಸುತ್ತಿದ್ದೆ. ಬೇರೆಯವರು ಜಪ ಮಾಡುತ್ತಾರೆ, ನನ್ನದು ಇದು.

ತೊಂಬತ್ತರ ದಶಕದ ನಡುವಿನ ಮಾತು. ಟವೆಲ್ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದಕ್ಕೆ ನಾನು ಮ್ಯಾನೇಜರ್. ಅಂದು ಯಾವ ಬಣ್ಣ ನಡೆದಿದೆಯೆಂದು ತಿಳಿಯಲು ಒಳಗೆ ಬರಬೇಕಿರಲಿಲ್ಲ, ಸೇತುವೆಯ ಮೇಲಿಂದ ಹಳ್ಳ ನೋಡಿದರೆ ಸಾಕಿತ್ತು. ಬಣ್ಣ ಹೊಂದದಿದ್ದರೆ ನೂಲು ತೊಳೆದು ಮತ್ತೆ ಅದ್ದುತ್ತಿದ್ದರು, ಹಳ್ಳಕ್ಕೆ ಎರಡು ಪಾಲು. ಆ ಬೇಸಿಗೆಯಲ್ಲಿ ಕೆಳಗಿನ ಹೊಲದ ಬಾವಿ ಗುಲಾಬಿಯಾಯಿತು. ಆ ಹೊಲದವರ ಎಮ್ಮೆ ನೀರು ಮೂಸಿ ಹಿಂದೆ ಸರಿಯಿತಂತೆ. ಕೇಳಿದ ದಿನ ನನಗೆ ರೊಟ್ಟಿ ಇಳಿಯಲಿಲ್ಲ.

ದೂರು ಕೇಳಿ ಬಂದ ಸಾಹೇಬರು ಗಡಿಯ ಮೈಂದರ್ಗಿ ಕಡೆಯವರು, ಹಾಗಾಗಿ ಕನ್ನಡದಲ್ಲೇ ಬೆದರಿಸಿದರು. "ಇನ್ನೊಂದ್ ಸಲ ರಂಗಿನ ನೀರು ಹಳ್ಳಕ್ಕ ಬಿಟ್ರ ಕುಲುಪ ಹಾಕ್ತೀನಿ, ನೋಡ್ರಿ."

ಕಾರ್ಖಾನೆಗೆ ಬೀಗ ಬಿದ್ದರೆ ಐವತ್ತು ದಾಟಿದ ನನಗೆ ಇನ್ನೆಲ್ಲಿ ಕೆಲಸ? ಮಾಲಕರಿಗೆ ಕಂಪ್ಯೂಟರಿನ ಸುದ್ದಿ ಹೇಳಿದವನೇ ನಾನು. ಮಾದರಿ ನೂಲನ್ನು ಅದರ ಕಣ್ಣಿಗೆ ಹಿಡಿದರೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಹೇಳುತ್ತಿತ್ತು. ಮೊದಲ ಸಲಕ್ಕೇ ಹೊಂದಿದರೆ ಮತ್ತೆ ತೊಳೆದು ಚೆಲ್ಲುವ ಮಾತಿಲ್ಲ. ಲೆಕ್ಕಪತ್ರವನ್ನು ಇನ್ನೂ ಕೈಯಲ್ಲೇ ಬರೆಯುತ್ತಿದ್ದ ನಮ್ಮಲ್ಲಿಗೆ ಕಂಪ್ಯೂಟರ್ ಬಂದದ್ದು ಹೀಗೆ.

ದಸರೆಯ ಮರುದಿನ ಸಾಹೇಬರು ಬಂದರು. ಹಳ್ಳ ತಿಳಿಯಾಗಿತ್ತು. "ಛಾನ್ ಆಗೇದಲ್ರಿ," ಎಂದರು.

ಮಾಲಕರು ಉಬ್ಬಿದರು. "ಬರ್ರಿ ಸಾಹೇಬ್ರ, ಮಷೀನಿನ ಕಮಾಲ್ ನೋಡೇ ಹೋಗ್ರಿ!"

"ಚಾ ಕುಡಿಸಿ ಕಳಿಸೂನ್ರಿ ಮಾಲಕ್ರ," ನಾನು ಪಿಸುಗುಟ್ಟಿದೆ.

"ಸುಮ್ನಿರ್ರಿ. ಮದವಿ ಮನ್ಯಾಗೂ ಮಳಿ ಬರ್ತದೇನಂತ ಮ್ಯಾಲ ನೋಡಾವ್ರು ನೀವು!"

ಬೆಳಿಗ್ಗೆ ಯಂತ್ರ ಹೇಳಿದಂತೆ ಅದ್ದಿದ್ದ ಕಾಫಿ ಬಣ್ಣದ ನೂಲನ್ನು ಬಣ್ಣ ಹಾಕುವ ರಂಗಾರಿ ಮೇಲೆತ್ತಿದ. ಕಾಫಿಯಲ್ಲ, ಪಾಚಿ ಹಿಡಿದಂಥ ಹಸಿರು.

ಸಾಹೇಬರು ನೂಲನ್ನು ಬಿಟ್ಟು ತೊಟ್ಟಿ ನೋಡಿದರು, ತೊಟ್ಟಿಯಿಂದ ಹೊರಟ ಪೈಪು ನೋಡಿದರು. "ಈಗ ಇದನ್ನ ತೊಳೀತೀರಿ, ಮತ್ತ ಅದ್ದತೀರಿ. ಈ ನೀರು ಎಲ್ಲಿ ಹೊಂಟದ?"

ಮಧ್ಯಾಹ್ನದೊಳಗೆ ಪೈಪಿನ ಬಾಯಿಗೆ ಅರಗಿನ ಮುದ್ರೆ ಬಿತ್ತು, ಕಾರ್ಖಾನೆ ನಿಂತಿತು.

ಎಲ್ಲರೂ ಹೋದಮೇಲೆ ಯಂತ್ರದ ಮುಂದೆ ಕುಳಿತೆ. ಕರೆಂಟ್ ಇತ್ತು, ವೈರು ನೆಟ್ಟಗಿತ್ತು, ಧೂಳಿಲ್ಲ. ದಿನಾ ಕೆಲಸಕ್ಕೆ ಮುಂಚೆ ಅದಕ್ಕೊಂದು ಬಿಳಿ ಬಿಲ್ಲೆ ತೋರಿಸಿ, ಬಿಳಿಯೆಂದರೆ ಇದು ಎಂದು ಕಲಿಸಬೇಕು. ಆಮೇಲಿನ ಬಣ್ಣಗಳನ್ನೆಲ್ಲ ಅದು ಅಳೆಯುವುದು ಆ ಬಿಳಿಯಿಂದಲೇ, ಬಿಳಿಯೇ ತಪ್ಪಿದರೆ ಎಲ್ಲ ಬಣ್ಣವೂ ತಪ್ಪು. ಅಂದು ಬೆಳಿಗ್ಗೆ ಆ ಕೆಲಸ ರಂಗಾರಿ ಮಾಡಿದ್ದ. ಬಿಲ್ಲೆಯ ಡಬ್ಬಿ ತೆರೆದೆ. ಮೊನ್ನೆ ಖಂಡೇನವಮಿಯ ಆಯುಧಪೂಜೆಯಲ್ಲಿ, ಯಂತ್ರದ ಬೇರಾವ ಭಾಗವನ್ನೂ ಬಿಡದ ಮಾಲಕರು, ಬಿಲ್ಲೆಯ ನಟ್ಟನಡುವೆಯೂ ಭಕ್ತಿಯಿಂದ ಒಂದು ಬೆರಳು ಕುಂಕುಮ ಹಚ್ಚಿದ್ದರು.