ಹಳಸಿದೆಯೆಂದು ಅವ್ವ ಚೆಲ್ಲಿದ ಅನ್ನ

ಲಂಡನ್ನಿನಲ್ಲಿ ನಾವಿದ್ದ ಕ್ರೋಯ್ಡನ್ನಿಗೆ ಟ್ರಾಮ್ ಇನ್ನೂ ಬಂದಿರದ ಕಾಲವದು. ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು. ಧಾರವಾಡದಲ್ಲಿ ತತ್ತಿಯನ್ನೂ ಮುಟ್ಟದ ನಮ್ಮವ್ವ ಜಪಾನಿನ ಬಾಣಸಿಗನೊಬ್ಬನ ಹನ್ನೆರಡು ಕುರ್ಚಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ನನಗಾಗ ಎಂಟು ವರ್ಷ.

ಸಂಜೆ ಅವಳಿಗಿಂತ ಮೊದಲು ಮೀನಿನ ನಾತ ಮನೆಯೊಳಗೆ ಬರುತ್ತಿತ್ತು. ಸ್ವೆಟರಿನಲ್ಲಿ, ಜಡೆಯಲ್ಲಿ, ಉಗುರಿನ ಸಂದಿಯಲ್ಲಿ.

"ಮೊದಲ ಜಳಕಾ ಮಾಡು, ಆಮ್ಯಾಲೆ ಒಲಿ ಮುಟ್ಟು," ಎನ್ನುತ್ತಿದ್ದಳು ಅಜ್ಜಿ, ಮೂಗಿಗೆ ಸೆರಗು ಹಿಡಿದು.

"ಅಲ್ಲೇ ಎರಡ ಸಲ ಕೈ ತೊಳಕೊಂಡ ಬಂದೀನ್ರಿ, ಅತ್ತಿ."

"ಹಂಗಾರ ಮೂರನೇ ಸಲ ತೊಳಕೋ."

ಅವ್ವ ಕಡಲೆಹಿಟ್ಟು ಹಚ್ಚಿ ಚರ್ಮ ಕೆಂಪಾಗುವಂತೆ ತಿಕ್ಕಿಕೊಳ್ಳುತ್ತಿದ್ದಳು. ಆಮೇಲೆ ಅನ್ನ ಕಲಸಿ ನನಗೆ ಕೈತುತ್ತು. ಕೈಯಲ್ಲಿ ಮೀನಿನ ನಾತ ಉಳಿದೇ ಇರುತ್ತಿತ್ತು, ಆದರೂ ತಿನ್ನುತ್ತಿದ್ದೆ. ತಾಯಿಯ ತುತ್ತಿಗೆ ಬಾಯಿ ಮುಚ್ಚುವುದುಂಟೆ, ನೀವೇ ಹೇಳಿ.

ಒಂದು ಶನಿವಾರ ನನ್ನನ್ನೂ ಕರೆದೊಯ್ದಳು. ಬೇಸಿನ್ನಿನಲ್ಲಿ ಲೋಳೆಲೋಳೆ ಕರುಳು, ಕಣ್ಣು ತೆರೆದ ಮೀನಿನ ತಲೆಗಳು. ಅದುವರೆಗೆ ಸಿಂಕಿನ ಹತ್ತಿರವೇ ಇದ್ದ ಅವ್ವನಿಗೆ ಅಂದು ಮೊದಲ ಸಲ ಅಡಿಗೆಕಟ್ಟೆ ಒರೆಸಲು ಹೇಳಿ ಬಾಣಸಿಗ ಹೊರಗೆ ಹೋಗಿದ್ದ. ಕಟ್ಟಿಗೆಯ ತೊಟ್ಟಿಯಲ್ಲಿ ಅನ್ನ ಹರಡಿತ್ತು. ಅವ್ವ ಮೂಸಿ ನೋಡಿದಳು. ಹುಳಿ ವಾಸನೆ.

"ಅಯ್ಯ, ಹಳಸೇದ ನೋಡು. ಮಂದಿ ತಿಂದ್ರ ಪಾಪ ಇವಂಗ ಕೆಟ್ಟ ಹೆಸರು," ಎಂದು ಅಷ್ಟನ್ನೂ ಕಸದ ಡಬ್ಬಿಗೆ ಸುರಿದಳು. ಹಸಿ ಮೀನಿನ ಸುಶಿಗೆಂದು ಅವನು ವಿನೆಗರ್ ಕಲಸಿ ಆರಲು ಇಟ್ಟಿದ್ದ ಅನ್ನವದು ಎಂದು ಧಾರವಾಡದ ಮೂಗಿಗೆ ಹೇಗೆ ತಿಳಿಯಬೇಕು?

ಬಂದವನು ಕೂಗಾಡಲಿಲ್ಲ. ಅವಳಿಂದಲೇ ಮತ್ತೆ ಅಕ್ಕಿ ತೊಳೆಸಿ, ಬೇಯಿಸಿ, ವಿನೆಗರ್ ಹಾಕಿಸಿದ. ಮೀನು ಸೀಳುತ್ತಿದ್ದ ಕೈಯಲ್ಲೇ ಒಂದು ಉಂಡೆ ಹಿಡಿದು ಚಾಚಿದ. ಅವನ ಹೆಬ್ಬೆರಳಿಗೆ ಮೀನಿನ ಪೊರೆಯೊಂದು ಅಂಟಿತ್ತು.

"ತಿಂದು ತಿಳಿದುಕೋ. ಇಲ್ಲವಾದರೆ ಮನೆಗೆ ಹೋಗು," ಎಂದ ತನ್ನ ಮುರುಕು ಇಂಗ್ಲಿಷಿನಲ್ಲಿ.

ಅವ್ವ ನನ್ನ ಕಡೆ ನೋಡಿದಳು. ತಿಂದಳು. ನನಗೆ ಹೇಸಿಗೆ ಹುಟ್ಟಿತು, ಅವನ ಮೇಲಲ್ಲ, ಅವಳ ಮೇಲೆ.

ರಾತ್ರಿಯ ಊಟಕ್ಕೆ ತುತ್ತು ಹಿಡಿದಾಗ ಮುಖ ತಿರುಗಿಸಿದೆ. "ಬ್ಯಾಡ. ಸ್ಪೂನ್ ಕೊಡು. ಯುವರ್ ಹ್ಯಾಂಡ್ ಸ್ಮೆಲ್ಸ್."

"ಇಂಗ್ಲಿಷ ಭಾಳ ಛಲೋ ಬಂತು ನೋಡು ನನ್ನ ಮಗಳಿಗೆ," ಎಂದು ಅವ್ವ ಕೈ ತೊಳೆಯಲು ಎದ್ದಳು. ಮತ್ತೆಂದೂ ತುತ್ತು ಹಿಡಿಯಲಿಲ್ಲ.

ಬಾಣಸಿಗ ಬೆಳೆದ. ದೊಡ್ಡ ಬ್ಯಾಂಕುಗಳಿರುವ ಕ್ಯಾನರಿ ವಾರ್ಫಿನವರೆಗೂ ಹೋಟೆಲುಗಳಾದವು. ಅವನ ಅನ್ನವನ್ನು ಪತ್ರಿಕೆಗಳು ಕೊಂಡಾಡಿದವು. ವರ್ಷಗಟ್ಟಲೆ ಅದನ್ನು ಕಲಸಿದ್ದು ಅವ್ವನ ಕೈ. ಈಗ ನಾನು ಆಫೀಸಿನವರ ಜೊತೆ ಅಲ್ಲೇ ಹಸಿ ಮೀನು ತಿಂದು "ಲವ್ಲಿ" ಎನ್ನುತ್ತೇನೆ. ಹೇಸಿಗೆಯಾಗುತ್ತದೆ, ಮೀನಿನದಲ್ಲ, ಅದನ್ನು ತಿನ್ನುವ ಈ ಬಾಯಿಯದು.

ಆ ಶನಿವಾರದ ಹಿಂದಿನ ದಿನ ಅವ್ವ ಕೊಟ್ಟದ್ದೇ ನನ್ನ ಪಾಲಿನ ಕೊನೆಯ ತುತ್ತು. ಅದು ಸಾರನ್ನವೋ ಮೊಸರನ್ನವೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಕೇಳೋಣವೆಂದರೆ ಅವ್ವನೂ ಇಲ್ಲ.