ಚಟಪಟ ಎನ್ನುತ್ತಿದ್ದ ಗಿಟಾರ್ ಪೆಟ್ಟಿಗೆ

ಮೊನ್ನೆ ಇಂಜೆಕ್ಷನ್ ಕೊಡುವ ಮುಂಚೆ ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆಗೆ ನನಗೆ ನಗು ಬಂತು. ಸೂಜಿ ಕಂಡರೆ ಕಣ್ಣು ಮುಚ್ಚುವ ಪುಕ್ಕಲ ನಾನು; ನಗುವುದನ್ನು ಕಂಡು ಅವರೇ ಗಾಬರಿಯಾದರು. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ಕೊಟ್ಟೂರಿನಲ್ಲಿ ನಾನು ಮತ್ತು ಗೆಳೆಯ ಕೊಟ್ರೇಶಿ ಆರ್ಕೆಸ್ಟ್ರಾ ಕಟ್ಟಿದ್ದೆವು. ಅವನದು ಹಾಡು, ನನ್ನದು ಗಿಟಾರು. ಹೊಸಪೇಟೆಯಲ್ಲಿ ಮುಚ್ಚಿಹೋದ ಒಂದು ತಂಡದವರಿಂದ ಗಿಟಾರಿನ ದನಿ ಹಿಗ್ಗಿಸುವ ಪೆಟ್ಟಿಗೆ, ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ಸ್ವಿಚ್ ಹಾಕಿದರೆ, ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳೊಳಗೆ ಕೆಂಪಗೆ ಬೆಳಕು ಹತ್ತಿಕೊಳ್ಳುತ್ತಿತ್ತು. ಊಟ ಮರೆತು ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

ಅವ್ವನಿಗೆ ಇದು ಸುತರಾಂ ಹಿಡಿಸುತ್ತಿರಲಿಲ್ಲ. "ತಂತಿ ಮೀಟಿದ್ರ ಹೊಟ್ಟಿ ತುಂಬತೈತೇನು? ನಾಳಿ ಹರಪನಹಳ್ಳಿ ಮದಿವ್ಯಾಗ ಬಾರಿಸಿ ಬಾ. ಅದು ಕೆಟ್ಟಿತಂದ್ರ ಸೀದಾ ನಿಮ್ಮ ಮಾವನ ಕಿರಾಣಿ ಅಂಗಡಿಗೆ ನಡಿ" ಎಂದಿದ್ದಳು. ಹಗರಿಬೊಮ್ಮನಹಳ್ಳಿಯ ಮಾವ ತಕ್ಕಡಿ ಹಿಡಿದು ಕಾಯುತ್ತಲೇ ಇದ್ದ. ನಾನು ಹೂಂ ಅಂದಿದ್ದೆ, ಗಂಡಸಿನ ಮಾತು ಅಂತ ಬೇರೆ ಸೇರಿಸಿದ್ದೆ.

ಅದೇ ದಿನ ಮಧ್ಯಾಹ್ನ ಸ್ವಿಚ್ ಹಾಕಿದರೆ ಪೆಟ್ಟಿಗೆ ಚಟಪಟ ಅನ್ನತೊಡಗಿತು, ಒಗ್ಗರಣೆಗೆ ಸಾಸಿವೆ ಹಾಕಿದಂತೆ. ಬೆಳಿಗ್ಗೆ ಚೆನ್ನಾಗಿಯೇ ಇತ್ತು. ವೈರ್ ಬದಲಿಸಿದೆವು, ಚಟಪಟ. ಗಿಟಾರನ್ನೇ ಕಿತ್ತೆವು, ಆದರೂ ಚಟಪಟ. ಅಂದರೆ ರೋಗ ಪೆಟ್ಟಿಗೆಯದೇ. ಪೆನ್ಸಿಲ್ಲಿನ ತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದೆ. ಮೂಲೆಯ ಸಣ್ಣದನ್ನು ತಟ್ಟಿದಾಗ ಸ್ಪೀಕರು ಅರಚಿಕೊಂಡಿತು. "ಸಿಕ್ತಲೇ ಕಳ್ಳ" ಎಂದ ಕೊಟ್ರೇಶಿ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಆ ವಾಲ್ವನ್ನು ಎಳೆದು ನೋಡಿದರೆ ಅದರ ಕಾಲುಗಳು ಕೂರುವ ತೂತುಗಳ ತುಂಬ ಕೆಂಪು ಕೆಸರು. ಉರಿಯುವಾಗ ಕೆಂಪು ಬೆಳಕಿನಲ್ಲಿ ಕಾಣದಿದ್ದ ಬೊಟ್ಟೊಂದು ಗಾಜಿನ ಮೇಲೆ. ಎಲ್ಲ ವಾಲ್ವಿಗೂ ಒಂದೊಂದು ಬೊಟ್ಟು.

"ಇದು ನಿಮ್ಮವ್ವನ ಕೆಲಸ. ನಿನ್ನ ಅಂಗಡಿಗೆ ಕಳಸಾಕ ಹೂಡಿದ ಆಟ" ಎಂದ ಕೊಟ್ರೇಶಿ. ನನಗೂ ಸಿಟ್ಟು ನೆತ್ತಿಗೇರಿತು. ಹೋಗಿ ಕೇಳಿದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಕುಂಕುಮ ಕಲಸಿ ಹಚ್ಚಿದೆ. ನೀರು ಜಾಸ್ತಿ ಆತೇನೋ" ಎಂದಳು, ಅಷ್ಟೇ.

ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ತೂತು ತೂತನ್ನೂ ಒರೆಸಿದೆವು. ನಮ್ಮೂರಲ್ಲಿ ಬಿಸಿಲಿಗೇನು ಬರ? ಅಂಗಳದಲ್ಲಿ ಒಣಗಿಸಿ, ಜೋಡಿಸಿ, ಸ್ವಿಚ್ ಹಾಕಿದೆ. ಒಂದು ಚೂರೂ ಸದ್ದಿಲ್ಲ. ತಂತಿ ಮೀಟಿದೆ. ಮನೆಯ ತಗಡು ನಡುಗುವ ಹಾಗೆ ದನಿ ಬಂತು. ಕೊಟ್ರೇಶಿ ನನ್ನನ್ನು ಎತ್ತಿಕೊಂಡೇ ಕುಣಿದ. ಮಾರನೆಯ ದಿನ ಹರಪನಹಳ್ಳಿಯಲ್ಲಿ ಬೀಗರು ಊಟದ ಪಂಕ್ತಿಯಿಂದ ಎದ್ದು ಬಂದು ನಮ್ಮ ಹಾಡು ಕೇಳುತ್ತ ನಿಂತರು. ತಕ್ಕಡಿ ಮಾವನ ಕೈಯಲ್ಲೇ ಉಳಿಯಿತು.

ಮೊನ್ನೆ ಆಸ್ಪತ್ರೆಯಿಂದ ಬಂದವನೇ ಅವ್ವನ ಮುಂದೆ ಕೂತು ಕೇಳಿಬಿಟ್ಟೆ: "ಅವತ್ತು ಕುಂಕುಮ ಯಾಕ ಹಚ್ಚಿದಿ? ನಾ ಸೋಲ್ಲಿ ಅಂತೇನು?"

"ಸೋತು ಬರ್ಲಿ ಅಂತ ಬೇಡಿಕೊಳ್ಳಾಕ ಹೊಂಟಿದ್ದೆ, ಖರೇ" ಎಂದಳು ಅವ್ವ. "ನೀ ಆ ಪೆಟ್ಟಿಗಿ ಹಚ್ಚಿಟ್ಟು ಜಳಕಕ್ಕ ಹೋಗಿದ್ದಿ. ಒಳಗ ನೋಡಿದ್ರ ಸಾಲಾಗಿ ದೀಪ. ಉರಿಯೋ ದೀಪದ ಮುಂದ ಮಗನಿಗೆ ಕೆಟ್ಟದ್ದು ಬೇಡಾಕ ಬಾಯಿ ಬರ್ಲಿಲ್ಲಪ. ನೀ ಆರಿಸಿ ಹೋದ ಮ್ಯಾಲ ಕುಂಕುಮ ಇಟ್ಟು ಕೈ ಮುಗದೆ."

ಎಷ್ಟೋ ಮದುವೆ ಮನೆಗಳಲ್ಲಿ ಯಾರು ಯಾರಿಗೋ ಬಾರಿಸಿದ್ದೇನೆ. ಎದ್ದು ಹೋಗಿ ಗಿಟಾರ್ ತಂದು, ಮೊದಲ ಸಲ ಅವ್ವನಿಗೆಂದೇ ಬಾರಿಸಿದೆ.