ತಿಮಿಂಗಿಲ ಬರುವವರೆಗೆ

ಬೆಳಗಿನ ಆರು ಗಂಟೆ. ಮಕ್ಕಳ ಆಸ್ಪತ್ರೆಯ ಸೂಜಿ ಕೋಣೆಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ಆಯಾ ಗೋಡೆಯ ಬಳಿ ಬಗ್ಗಿ ಸ್ವಿಚ್ ನೋಡುತ್ತಾರೆ. ನಾಲ್ಕು ಹೆಜ್ಜೆ ಹೋದವರು ಮಂಡಿ ಹಿಡಿದುಕೊಂಡು ತಿರುಗಿ ಬಂದು ಮತ್ತೆ ನೋಡುತ್ತಾರೆ. ಅಲ್ಲಿ ಚಾರ್ಜಿಗೆ ಹಾಕಿರುವುದು ವಿಆರ್ ಕನ್ನಡಕ. ಕಣ್ಣಿಗೆ ಕಟ್ಟಿಕೊಂಡರೆ ಕೋಣೆ ಮರೆಯಾಗಿ ಸುತ್ತಲೂ ಕಡಲು ತೆರೆದುಕೊಳ್ಳುತ್ತದೆ. ಇರುವುದು ಒಂದೇ. ಸೂಜಿಗೆ ಬರುವ ಮಕ್ಕಳು ದಿನಕ್ಕೆ ಮೂವತ್ತಕ್ಕೆ ಕಡಿಮೆಯಿಲ್ಲ.

ಆಯಾಗೆ ಈಗ ಐವತ್ತಮೂರು. ಮೊದಲ ಹದಿನಾಲ್ಕು ವರ್ಷ ಇಲ್ಲಿ ಅವರಿಗಿದ್ದ ಕೆಲಸವೆಂದರೆ ಸೂಜಿ ಹಾಕುವಾಗ ಮಕ್ಕಳನ್ನು ಅದುಮಿ ಹಿಡಿಯುವುದು. ಮಣಿಕಟ್ಟಿನ ಮೇಲೆ ಹಳೆಯ ಹಲ್ಲಿನ ಗುರುತುಗಳಿವೆ. "ಬೀದೀಲಿ ನನ್ನ ಕಂಡ್ರೆ ಮಕ್ಕಳು ಅಮ್ಮನ ಹಿಂದೆ ಅಡಗೋವು. ನನ್ನ ಮೊಮ್ಮಗಳೇ ಒಂದು ತಿಂಗಳು ನನ್ನ ಪಕ್ಕ ಮಲಗಲಿಲ್ಲ" ಎನ್ನುತ್ತಾರೆ.

ಕನ್ನಡಕ ಬಂದು ಎರಡು ವರ್ಷ. ಹಾಕಿಕೊಂಡರೆ ಆಯಾಗೆ ತಲೆ ಸುತ್ತುತ್ತದೆ, ಆದರೂ ಒಳಗಿನ ಕಡಲು ಅವರಿಗೆ ಬಾಯಿಪಾಠ. ಮನಸ್ಸಿನಲ್ಲೇ ನಲವತ್ತು ಎಣಿಸುವಷ್ಟರಲ್ಲಿ ತಿಮಿಂಗಿಲ ಬರುತ್ತದೆ, ಮಗು ಬಾಯಿ ತೆರೆಯುತ್ತದೆ. ಆಗ ಸೂಜಿ ಹಾಕಲು ಸನ್ನೆಯಾಗಿ ನರ್ಸಮ್ಮನ ಮೊಣಕೈ ಒತ್ತಬೇಕು. ಬಾಯಿಬಿಟ್ಟು ಹೇಳುವಂತಿಲ್ಲ, "ಹ್ಞೂಂ" ಎಂದರೂ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಹೋದ ಮಂಗಳವಾರ ಎಡವಟ್ಟಾಯಿತು. ಜೊತೆಯವಳು ರಜೆ ಹಾಕಿದ್ದರಿಂದ ಆಯಾ ಎರಡು ಪಾಳಿ ದುಡಿದಿದ್ದರು. ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕುವುದನ್ನೇ ಮರೆತಿದ್ದರು. ವಾರಕ್ಕೊಂದು ಸೂಜಿ ಬೇಕೇಬೇಕಾದ ಏಳು ವರ್ಷದ ಹುಡುಗಿಯ ತೋಳಿನಲ್ಲಿ ಸೂಜಿ ಇರುವಾಗಲೇ ಕಡಲು ಆರಿಹೋಯಿತು. ಅವಳು ಕೊಸರಾಡಿದಳು. "ಯೋಚನೆ ಮಾಡೋದ್ರೊಳಗೆ ಕೈ ಹೋಗಿ ಅದುಮಿಬಿಡ್ತು" ಎಂದು ಆಯಾ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ.

ಇವತ್ತು ಮತ್ತೆ ಮಂಗಳವಾರ. ಒಂಬತ್ತಕ್ಕೆ ಅಪ್ಪನ ಜೊತೆ ಬಂದ ಹುಡುಗಿ ಹೊಸ್ತಿಲಲ್ಲೇ ನಿಂತಿದ್ದಾಳೆ. ಕನ್ನಡಕವೂ ಬೇಡ, ಸೂಜಿಯೂ ಬೇಡ. ಅವಳು ಒಪ್ಪದಿದ್ದರೆ ಇನ್ನು ವಾರವಾರವೂ ನಾಲ್ಕು ಜನ ಸೇರಿ ಹಿಡಿಯಬೇಕು. ಆಯಾ ನೆಲದ ಮೇಲೆ ಕೂತು, ಕನ್ನಡಕದ ಹಸಿರು ದೀಪ ತೋರಿಸುತ್ತಾರೆ.

"ಮತ್ತೆ ಆರಿಹೋದ್ರೆ?"

"ಆರಿಹೋದ್ರೂ ನಾನು ಹಿಡ್ಕೊಳಲ್ಲ ಪುಟ್ಟಾ."

"ಹೋದ ಸಲ ಹಿಡ್ಕೊಂಡೆ."

"ಹೌದು. ತಪ್ಪಾಯ್ತು."

ಹುಡುಗಿ ಒಂದು ಕರಾರು ಹಾಕುತ್ತಾಳೆ: ಆಯಾ ತಮ್ಮ ಎರಡೂ ಕೈ ಅವಳಿಗೆ ಕೊಡಬೇಕು. ಕುರ್ಚಿಯಲ್ಲಿ ಕೂತು ಕನ್ನಡಕ ಕಟ್ಟಿಸಿಕೊಂಡವಳು ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಿಗಿಯಾಗಿ ಹಿಡಿಯುತ್ತಾಳೆ. ಈಗ ಮೊಣಕೈ ಒತ್ತಲು ಆಯಾಗೆ ಕೈಯಿಲ್ಲ. ನಲವತ್ತು ಎಣಿಸಿದವರೇ ನರ್ಸಮ್ಮನ ಕಾಲು ತುಳಿಯುತ್ತಾರೆ. ನರ್ಸಮ್ಮ ತುಟಿ ಕಚ್ಚಿಕೊಂಡೇ ಸೂಜಿ ಹಾಕಿ ಮುಗಿಸುತ್ತಾರೆ. ಹುಡುಗಿ ತಲೆಯೆತ್ತಿ ತಿಮಿಂಗಿಲ ನೋಡುತ್ತಲೇ ಇದ್ದಾಳೆ.

ಅಪ್ಪ ಮಗಳು ಹೋದ ಮೇಲೆ, "ಇವತ್ತು ಈ ಕೋಣೇಲಿ ನೋವಾಗಿದ್ದು ನನಗೊಬ್ಬಳಿಗೇ" ಎಂದು ನರ್ಸಮ್ಮ ಕಾಲು ನೀವಿಕೊಳ್ಳುತ್ತಾರೆ. ಆಯಾಗೆ ನಗಲೂ ಸುಸ್ತು. ಹೊರಗೆ ಇನ್ನೂ ಇಪ್ಪತ್ತಾರು ಮಕ್ಕಳು ಕಾದಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಇನ್ನೊಂದು ಕನ್ನಡಕ ಬಂದರೆ ಅನುಕೂಲ ಎನ್ನುತ್ತಾರೆ. ಆಮೇಲೆ ಮಣಿಕಟ್ಟಿನ ಮೇಲೆ ಎದ್ದಿರುವ ಪುಟ್ಟ ಉಗುರಿನ ಗುರುತುಗಳನ್ನು ಸವರಿಕೊಳ್ಳುತ್ತಾರೆ.

"ಕೆಲಸ ಬಿಡೋದ್ರೊಳಗೆ ಈ ಕೈ ಅದುಮೋದನ್ನ ಮರೆತುಬಿಟ್ರೆ ಸಾಕು."